ಸಿಪ್ಪೆ ಬಿಡದ ಮೊಟ್ಟೆ: ದೋಷ ಕೋಳಿಯದ್ದಲ್ಲ

ಮೊಟ್ಟೆ ಬೇಯಿಸಲು ಯಾರಾದರೂ ಕಲಿಸಿಕೊಡಬೇಕೇ ಎಂದು ನೀವು ಕೇಳಬಹುದು. ನೀರಿಗೆ ಹಾಕು, ಒಲೆಯ ಮೇಲಿಡು, ಇಳಿಸು. ಬೇಯುವುದಕ್ಕೆ ಅಷ್ಟೇ ಸಾಕು. ತೊಂದರೆ ಇರುವುದು ಸುಲಿಯುವಾಗ. ಅಂಗಡಿಯಿಂದ ತಂದ ಮೊಟ್ಟೆಯ ಸಿಪ್ಪೆ ಎರಡು ಎಳೆತಕ್ಕೆ ಕಳಚಿ ಬರುತ್ತದೆ. ನಮ್ಮದೇ ಗೂಡಿನಿಂದ ಬೆಳಗ್ಗೆ ತೆಗೆದ ಮೊಟ್ಟೆಯದ್ದು ಉಗುರಿನಷ್ಟಗಲದ ಚೂರುಗಳಾಗಿ, ಪ್ರತಿ ಚೂರಿನ ಜೊತೆ ಒಂದಿಷ್ಟು ಬಿಳಿಭಾಗವನ್ನೂ ಕಿತ್ತುಕೊಂಡು ಬರುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಇಲಿ ಕಚ್ಚಿದ ಹಾಗಿನ ಒಂದು ಉಂಡೆ.

ಮನೆಯವರೇ ತಿನ್ನುವುದಾದರೆ ಹೇಗಿದ್ದರೂ ನಡೆಯುತ್ತದೆ. ಮಾರುವವರಿಗೆ ಹಾಗಲ್ಲ. ಹಿತ್ತಿಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕಿ ಮೊಟ್ಟೆ ಮಾರುವ ನಮ್ಮಂಥವರ ಹೆಸರು ಕೆಡುವುದು ಇಲ್ಲಿಯೇ. ಹಾಗಾಗಿ ಈ ಸಣ್ಣ ವಿಷಯದ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ವಾಪಸು ಬಂದ ಟ್ರೇ

ನಮ್ಮಲ್ಲಿ ಊರ ಕೋಳಿ ಮತ್ತು ಗಿರಿರಾಜ ಸೇರಿ ಮೂವತ್ತರಷ್ಟು ಉಂಟು. ಮನೆ ಖರ್ಚಿಗೆ ಬಿಟ್ಟು ಉಳಿದ ಮೊಟ್ಟೆ ನೆರೆಕರೆಗೆ, ಪೇಟೆಯ ಕೆಲವು ಮನೆಗಳಿಗೆ ಹೋಗುತ್ತದೆ. ಫಾರಂ ಮೊಟ್ಟೆಗಿಂತ ಎರಡು ಪಟ್ಟಿಗೂ ಹೆಚ್ಚು ಬೆಲೆ. ಅಷ್ಟು ಕೊಟ್ಟು ಕೊಳ್ಳುವವರು ಕೇಳುವುದು ಒಂದೇ, "ಇವತ್ತಿನದ್ದೇ ಅಲ್ಲವಾ?"

ಪೇಟೆಯ ಒಂದು ಸಣ್ಣ ಹೋಟೆಲಿನವರೂ ವಾರಕ್ಕೆ ಎರಡು ಟ್ರೇ ತೆಗೆದುಕೊಳ್ಳತೊಡಗಿದರು. ಮೊಟ್ಟೆ ಸಾರಿಗೆ ಊರ ಮೊಟ್ಟೆ ಹಾಕುತ್ತೇವೆ ಎಂದು ಬೋರ್ಡಿನಲ್ಲಿ ಬರೆಸಿದ್ದರು. ಮೂರನೇ ವಾರ ಒಂದು ಟ್ರೇ ಹಾಗೆಯೇ ವಾಪಸು ಬಂತು.

"ಅಕ್ಕಾ, ಬೇಜಾರು ಮಾಡ್ಬೇಡಿ. ಮೊಟ್ಟೆ ಒಳ್ಳೇದೇ. ಆದ್ರೆ ಸಿಪ್ಪೆ ಬರೂದಿಲ್ಲ ಮಾರಾಯ್ರೇ. ಅರ್ಧ ಮೊಟ್ಟೆ ಸಿಪ್ಪೆಯೊಟ್ಟಿಗೇ ಹೋಗ್ತದೆ. ಗಿರಾಕಿಯ ಬಟ್ಟಲಿಗೆ ಅದನ್ನು ಹಾಕೂದು ಹೇಗೆ?"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದೇ ವಾರ ಪೇಟೆಯ ಇನ್ನೊಂದು ಮನೆಯವರು ಬೇರೆಯೇ ಸಂಶಯ ತೆಗೆದರು. ಕೋಳಿಗೆ ಎಂತದೋ ಔಷಧಿ ಕೊಟ್ಟಿರಬೇಕು, ಅದಕ್ಕೇ ಸಿಪ್ಪೆ ಅಂಟುವುದು ಎಂದು. ಔಷಧಿ ಹಾಕದೆ ಸಾಕಿದ ಕೋಳಿಯ ಮೊಟ್ಟೆಗೆ ಈ ಮಾತು ಬಂದರೆ ಹೇಗಾಗಬೇಡ! ಉತ್ತರ ಕೊಡಬೇಕಿದ್ದರೆ ಕಾರಣ ಗೊತ್ತಿರಬೇಕು. ಹುಡುಕಿದಾಗ ಸಿಕ್ಕಿದ ಕಾರಣ ನಮ್ಮ ಪರವಾಗಿಯೇ ಇತ್ತು.

ಮೊಟ್ಟೆಗೂ ರಸಸಾರ ಉಂಟು

ಕೃಷಿಕರಿಗೆ ರಸಸಾರದ ಪರಿಚಯ ಮಾಡಿಸಬೇಕಾಗಿಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮೊದಲು ಕಾಣುವುದೇ ಅದು. ಏಳಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ನಮ್ಮ ತೋಟದ ಹುಳಿ ಮಣ್ಣಿಗೆ ಸುಣ್ಣ ಹಾಕುವುದು ಇದನ್ನು ನೋಡಿಯೇ.

ಮೊಟ್ಟೆಯ ಬಿಳಿಭಾಗಕ್ಕೂ ರಸಸಾರ ಉಂಟು. ಕೋಳಿ ಇಟ್ಟ ಕೂಡಲೇ ಅದು ಸುಮಾರು 7.6. ಆಗ ಬಿಳಿಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ಕರಗಿರುತ್ತದೆ. ತೀರಾ ಹೊಸ ಮೊಟ್ಟೆ ಒಡೆದರೆ ಬಿಳಿಭಾಗ ಅಕ್ಕಿ ತೊಳೆದ ನೀರಿನಂತೆ ತುಸು ಮಸುಕಾಗಿ ಕಾಣುವುದು ಈ ಅನಿಲದಿಂದ. ಕೆಟ್ಟಿದೆ ಎಂದು ಚೆಲ್ಲಬೇಡಿ. ಅದು ಹೊಸದೆಂಬುದರ ಗುರುತು.

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ದಿನ ಕಳೆದಂತೆ ಆ ಅನಿಲ ಈ ರಂಧ್ರಗಳ ಮೂಲಕ ಹೊರಗೆ ಹೋಗುತ್ತದೆ. ಅದು ಹೋದಷ್ಟೂ ಬಿಳಿಭಾಗ ಕ್ಷಾರವಾಗುತ್ತದೆ. ಕೆಲವು ದಿನಗಳಲ್ಲಿ ರಸಸಾರ 9 ದಾಟುತ್ತದೆ.

ಚಿಪ್ಪಿನ ಒಳಮೈಗೆ ಎರಡು ತೆಳು ಪೊರೆಗಳಿವೆ. ರಸಸಾರ ಕಡಿಮೆ ಇರುವಾಗ ಬೇಯಿಸಿದರೆ ಬಿಳಿಭಾಗ ಒಳಗಿನ ಪೊರೆಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪೊರೆ ಚಿಪ್ಪಿಗೆ ಅಂಟಿಕೊಂಡೇ ಇದೆ. ಹಾಗಾಗಿ ಚಿಪ್ಪು ಎಳೆದರೆ ಪೊರೆ, ಪೊರೆ ಎಳೆದರೆ ಬಿಳಿಭಾಗ, ಎಲ್ಲ ಒಟ್ಟಿಗೇ ಬರುತ್ತವೆ. ರಸಸಾರ ಒಂಬತ್ತರ ಹತ್ತಿರ ಹೋದಾಗ ಈ ಹಿಡಿತ ಸಡಿಲವಾಗುತ್ತದೆ. ಸಿಪ್ಪೆ ಸಲೀಸಾಗಿ ಬಿಡುತ್ತದೆ. ಕೋಳಿ ವಿಜ್ಞಾನಿಗಳು ಇದನ್ನು 1950-60ರ ದಶಕಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ.

ಅಂದರೆ ಸಿಪ್ಪೆ ಬಿಡದಿರುವುದು ರೋಗವಲ್ಲ, ಔಷಧಿಯ ಪರಿಣಾಮವಲ್ಲ, ಊರ ತಳಿಯ ದೋಷವಲ್ಲ. ಚಿಪ್ಪಿನ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಿರಾಕಿ ಯಾವ ಹೊಸತನಕ್ಕೆ ಹೆಚ್ಚು ದುಡ್ಡು ಕೊಡುತ್ತಾರೋ ಆ ಹೊಸತನವೇ ಸಿಪ್ಪೆಯನ್ನು ಹಿಡಿದುಕೊಂಡಿರುವುದು.

ಅಂಗಡಿ ಮೊಟ್ಟೆ ಸುಲಭವಾಗಿ ಸುಲಿಯುವುದರ ಗುಟ್ಟೂ ಇದೇ. ಕರಾವಳಿಯ ಅಂಗಡಿಗಳಿಗೆ ಮೊಟ್ಟೆ ಬರುವುದು ಹೆಚ್ಚಾಗಿ ಘಟ್ಟದ ಮೇಲಿಂದ. ಫಾರಂನಲ್ಲಿ ಒಟ್ಟು ಮಾಡಿ, ಲಾರಿ ಹತ್ತಿಸಿ, ಸಗಟು ವ್ಯಾಪಾರಿಯ ಕೈ ದಾಟಿ, ಅಂಗಡಿಯಲ್ಲಿ ಕೂತು ನಮ್ಮ ಚೀಲಕ್ಕೆ ಬೀಳುವಾಗ ಅದಕ್ಕೆ ಕೆಲವು ದಿನಗಳ ಪ್ರಾಯ ಆಗಿರುತ್ತದೆ. ನಮ್ಮ ಸೆಕೆಯಲ್ಲಿ ಅಷ್ಟು ದಿನ ಧಾರಾಳ ಸಾಕು.

ಹಾಗಾದರೆ ಹಳತು ಮಾಡಿ ಮಾರುವುದೇ?

ಕಾರಣ ಗೊತ್ತಾದ ಮೇಲೆ ಮೊದಲು ತೋಚಿದ ದಾರಿ ಇದು. ಮೊಟ್ಟೆಯನ್ನು ಒಂದು ವಾರ ಇಟ್ಟು ಮತ್ತೆ ಕೊಡುವುದು. ಫ್ರಿಜ್ಜಿನಲ್ಲಾದರೆ ವಾರದಿಂದ ಹತ್ತು ದಿನ, ಹೊರಗೆ ತಂಪು ಜಾಗದಲ್ಲಾದರೆ ಮೂರು ನಾಲ್ಕು ದಿನ ಇಟ್ಟರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮನೆ ಬಳಕೆಗೆ ಇದು ಸರಿಯಾದ ಕ್ರಮವೇ. ಹೊಸ ಮೊಟ್ಟೆ ಆಮ್ಲೆಟಿಗೆ, ಕೆಲವು ದಿನದ್ದು ಬೇಯಿಸಲಿಕ್ಕೆ.

ಆದರೆ "ಇವತ್ತಿನದ್ದೇ" ಎಂದು ಹೇಳಿ ವಾರದ ಮೊಟ್ಟೆ ಕೊಡಲಾಗುವುದಿಲ್ಲ. ವಾರದ ಹಿಂದಿನದ್ದು ಎಂದು ಹೇಳಿದರೆ ನಮ್ಮ ಬೆಲೆ ಸಿಗುವುದಿಲ್ಲ. ಅದಲ್ಲದೆ ಹುಂಜ ಇರುವ ಮನೆಯಲ್ಲಿ ಬೇಸಗೆಯ ಸೆಕೆಗೆ ಮೊಟ್ಟೆ ಹೊರಗೆ ಇಡುವುದೂ ಅಪಾಯ. ಕಾವು ಸಿಕ್ಕಿದಂತಾಗಿ ಒಳಗೆ ಬೆಳವಣಿಗೆ ಶುರುವಾಗಬಹುದು. ಹೊಸ ಮೊಟ್ಟೆಯನ್ನೇ ಬೇಯಿಸಿ, ಇಡಿಯಾಗಿ ಸುಲಿಯುವ ಕ್ರಮ ಬೇಕಿತ್ತು.

ಮೊದಲು ನೀರು ಕುದಿಯಲಿ

ನಮ್ಮಲ್ಲಿ ಹೆಚ್ಚಿನ ಮನೆಗಳ ರೂಢಿ ಎಂದರೆ ತಣ್ಣೀರಿಗೆ ಮೊಟ್ಟೆ ಹಾಕಿ ಒಲೆಯ ಮೇಲಿಡುವುದು. ಚಿಪ್ಪು ಒಡೆಯುವುದಿಲ್ಲ ಎಂಬುದು ಅದರ ಲಾಭ. ಆದರೆ ನೀರು ನಿಧಾನ ಬಿಸಿಯಾಗುವಾಗ ಬಿಳಿಭಾಗವೂ ನಿಧಾನ ಗಟ್ಟಿಯಾಗುತ್ತದೆ. ಪೊರೆಯ ಜೊತೆ ಬೆಸೆದುಕೊಳ್ಳಲು ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಕುದಿಯುವ ನೀರಿಗೇ ಹಾಕಿದರೆ ಹೊರಪದರ ಒಮ್ಮೆಲೇ ಗಟ್ಟಿಯಾಗಿ ತನ್ನೊಳಗೇ ಕುಗ್ಗುತ್ತದೆ. ಪೊರೆಗೆ ಅಂಟುವುದು ಕಡಿಮೆ.

ಅಮೆರಿಕದ ಅಡುಗೆ ಬರಹಗಾರ ಕೆಂಜಿ ಲೋಪೆಜ್-ಆಲ್ಟ್ ಎಂಬವರು ಈ ಒಂದೇ ಪ್ರಶ್ನೆಗಾಗಿ ನೂರಾರು ಮೊಟ್ಟೆ ಬೇಯಿಸಿ ನೋಡಿದ್ದಾರೆ. ಯಾವ ಮೊಟ್ಟೆ ಹೇಗೆ ಬೆಂದದ್ದು ಎಂದು ಸುಲಿಯುವವರಿಗೆ ತಿಳಿಸದೆ ಸುಲಿಸಿ ಲೆಕ್ಕ ಇಟ್ಟು, 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು. ಸಾರಾಂಶ ಇಷ್ಟೇ: ಉಳಿದ ಉಪಾಯಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಬಿಸಿಯಲ್ಲೇ ಶುರು ಮಾಡುವುದು. ಕುದಿನೀರಾದರೂ ಸರಿ, ಹಬೆಯಾದರೂ ಸರಿ.

ಓದಿದ್ದನ್ನು ನಮ್ಮ ಒಲೆಯಲ್ಲೂ ನೋಡಬೇಕಲ್ಲ. ಒಂದೇ ದಿನದ ಹನ್ನೆರಡು ಮೊಟ್ಟೆ ತೆಗೆದು ಆರನ್ನು ತಣ್ಣೀರಿಗೆ, ಆರನ್ನು ಕುದಿನೀರಿಗೆ ಹಾಕಿದೆ. ತಣ್ಣೀರಿನವುಗಳಲ್ಲಿ ಹೆಚ್ಚಿನವು ಗುಳಿ ಬಿದ್ದವು. ಕುದಿನೀರಿನವುಗಳಲ್ಲಿ ಒಂದನ್ನು ಬಿಟ್ಟು ಉಳಿದವು ನುಣ್ಣಗೆ ಬಂದವು. ಕೋಳಿ ಅದೇ, ಮೊಟ್ಟೆ ಅದೇ, ಒಲೆಯೂ ಅದೇ.

ಕುದಿನೀರಿಗೆ ಹಾಕುವಾಗ ಮೇಲಿನಿಂದ ಬಿಡಬೇಡಿ. ಸೌಟಿನಲ್ಲಿಟ್ಟು ಮೆಲ್ಲ ಇಳಿಸಿ. ಹಾಕಿದ ಮೇಲೆ ಉರಿ ಸ್ವಲ್ಪ ತಗ್ಗಿಸಿ. ಕೊತಕೊತ ಕುದಿದರೆ ಒಂದಕ್ಕೊಂದು ಬಡಿದು ಒಡೆಯುತ್ತವೆ. ಫ್ರಿಜ್ಜಿನಿಂದ ತೆಗೆದದ್ದಾದರೆ ಸ್ವಲ್ಪ ಹೊತ್ತು ಹೊರಗಿಟ್ಟು ಚಳಿ ಬಿಡಿಸಿ.

ಇಡ್ಲಿ ಪಾತ್ರೆಯೇ ಸಾಕು

ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಹಬೆ ಎನ್ನುತ್ತೇನೆ. ಇದಕ್ಕೆ ಹೊಸ ಪಾತ್ರೆ ಕೊಳ್ಳಬೇಕಾಗಿಲ್ಲ. ಇಡ್ಲಿ ಪಾತ್ರೆ ಎಲ್ಲರ ಮನೆಯಲ್ಲೂ ಉಂಟು.

ಪಾತ್ರೆಯ ಅಡಿಗೆ ಎರಡು ಲೋಟ ನೀರು ಹಾಕಿ, ಮುಚ್ಚಿ ಕುದಿಸಿ. ಹಬೆ ಚೆನ್ನಾಗಿ ಏಳಲಿ. ಮತ್ತೆ ಮುಚ್ಚಳ ತೆಗೆದು ತೂತಿನ ತಟ್ಟೆಯ ಮೇಲೆ ಮೊಟ್ಟೆಗಳನ್ನು ಒಂದೇ ಪದರದಲ್ಲಿ ಇಟ್ಟು ಮುಚ್ಚಿ. ಇಡ್ಲಿ ಅಚ್ಚಿನ ಗುಳಿಯಲ್ಲಿ ಒಂದೊಂದೇ ಇಟ್ಟರೂ ನಡೆಯುತ್ತದೆ, ಅಲ್ಲಾಡುವುದಿಲ್ಲ. ಮೊಟ್ಟೆ ಇಟ್ಟು ಮುಚ್ಚಿದ ಕ್ಷಣದಿಂದ ಗಡಿಯಾರ ನೋಡಬೇಕು.

ಇದರಲ್ಲಿ ಮೂರು ಲಾಭ. ದೊಡ್ಡ ಪಾತ್ರೆ ತುಂಬ ನೀರು ಕಾಯಿಸುವ ಸೌದೆ, ಗ್ಯಾಸು ಉಳಿಯುತ್ತದೆ. ಮೊಟ್ಟೆ ಒಂದಕ್ಕೊಂದು ಬಡಿದುಕೊಳ್ಳದ ಕಾರಣ ಒಡೆಯುವುದು ತೀರಾ ಕಡಿಮೆ. ಹತ್ತು ಹಾಕಿದರೂ ಮೂವತ್ತು ಹಾಕಿದರೂ ಹಬೆಯ ಬಿಸಿ ಬೇಗ ತಗ್ಗುವುದಿಲ್ಲ. ಕುದಿನೀರಿಗೆ ಒಮ್ಮೆಲೇ ಮೂವತ್ತು ಮೊಟ್ಟೆ ಹಾಕಿದರೆ ಕುದಿ ನಿಂತೇ ಹೋಗುತ್ತದೆ. ಮತ್ತೆ ನಿಧಾನ ಬಿಸಿಯ ಕತೆಯೇ.

ಕುಕ್ಕರಿನಲ್ಲಿ ಇಡ್ಲಿ ಮಾಡುವವರು ವೆಯ್ಟ್ ಇಡದೆ ಹೀಗೆಯೇ ಬೇಯಿಸಬಹುದು. ನೀರು ಪೂರ್ತಿ ಆರಿಹೋಗದಂತೆ ನೋಡಿಕೊಂಡರೆ ಸಾಕು. ಮೈಕ್ರೋವೇವ್ ಒಲೆಯಲ್ಲಿ ಮಾತ್ರ ಇಡೀ ಮೊಟ್ಟೆ ಇಡಲೇಬೇಡಿ. ಒಳಗಿನ ಹಬೆಗೆ ದಾರಿ ಇಲ್ಲದೆ ಸಿಡಿಯುತ್ತದೆ. ಕೆಲವೊಮ್ಮೆ ಹೊರಗೆ ತೆಗೆದ ಮೇಲೆ ಮುಖದ ಹತ್ತಿರವೇ ಸಿಡಿಯುವುದುಂಟು.

ಎಷ್ಟು ನಿಮಿಷ?

ಊರ ಕೋಳಿಯ ಮೊಟ್ಟೆ ಸಣ್ಣದು, ಸಾಮಾನ್ಯವಾಗಿ 35ರಿಂದ 45 ಗ್ರಾಂ. ಫಾರಂ ಮೊಟ್ಟೆ 50-55 ಗ್ರಾಂ ತೂಗುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹಿಡಿದರೆ ಊರ ಮೊಟ್ಟೆ ಅತಿಯಾಗಿ ಬೇಯುತ್ತದೆ. ನಮ್ಮಲ್ಲಿ ಹೊಂದಿದ ಲೆಕ್ಕ ಹೀಗಿದೆ:

ಊರ ಮೊಟ್ಟೆ: 9ರಿಂದ 10 ನಿಮಿಷ.
ಗಿರಿರಾಜ, ಫಾರಂ ಮೊಟ್ಟೆ: 11ರಿಂದ 12 ನಿಮಿಷ.
ಬಾತುಕೋಳಿ ಮೊಟ್ಟೆ: 14ರಿಂದ 15 ನಿಮಿಷ.

ಇದು ಅರಶಿನ ಭಾಗವೂ ಪೂರ್ತಿ ಗಟ್ಟಿಯಾಗುವ ಲೆಕ್ಕ. ಹಬೆಗೂ ಕುದಿನೀರಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಮಡಿಕೇರಿ, ಚಿಕ್ಕಮಗಳೂರಿನಂಥ ಎತ್ತರದ ಊರಿನವರು ಒಂದು ನಿಮಿಷ ಹೆಚ್ಚು ಕೊಡಬೇಕು. ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 96 ಡಿಗ್ರಿಯಲ್ಲಿ ಕುದಿಯುತ್ತದೆ.

ಮಕ್ಕಳು, ಬಾಣಂತಿಯರು, ಪ್ರಾಯದವರು ತಿನ್ನುವ ಮೊಟ್ಟೆ ಅರೆಬೆಂದದ್ದು ಆಗಬಾರದು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣು ಮೊಟ್ಟೆಯಲ್ಲಿ ಇರುವ ಸಾಧ್ಯತೆ ಉಂಟು. ಪೂರ್ತಿ ಬೆಂದರೆ ಅದು ಸಾಯುತ್ತದೆ.

ಹಾಗೆಂದು ಅರ್ಧ ಗಂಟೆ ಒಲೆಯ ಮೇಲೆ ಬಿಡುವುದೂ ಬೇಡ. ಅತಿಯಾಗಿ ಬೆಂದರೆ ಅರಶಿನದ ಸುತ್ತ ಹಸಿರು ಬಳೆ ಕಟ್ಟುತ್ತದೆ. ಬಿಳಿಭಾಗದ ಗಂಧಕ ಅನಿಲವಾಗಿ ಅರಶಿನದ ಕಬ್ಬಿಣಾಂಶದ ಜೊತೆ ಸೇರಿ ಆಗುವ ಬಣ್ಣ ಅದು. ವಿಷವಲ್ಲ, ತಿನ್ನಬಹುದು. ಆದರೆ ವಾಸನೆ ಬರುತ್ತದೆ, ಬಿಳಿಭಾಗ ರಬ್ಬರಿನಂತಾಗುತ್ತದೆ. ಗಿರಾಕಿ ನೋಡಿದರೆ ಅದಕ್ಕೂ ದೂರು ನಮ್ಮ ಕೋಳಿಯ ಮೇಲೆಯೇ!

ಬಾವಿ ನೀರು, ಬೋಳು ತುದಿ

ಬೆಂದ ಕೂಡಲೇ ತಣ್ಣೀರಿಗೆ ಹಾಕಬೇಕು. ಮಂಜುಗಡ್ಡೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಾವಿಯಿಂದ ಆಗಷ್ಟೇ ಸೇದಿದ ನೀರು ಸಾಕು. ನೀರು ಬೆಚ್ಚಗಾದ ಹಾಗೆ ಎರಡು ಸಲ ಬದಲಿಸಿ. ಹತ್ತು ಹದಿನೈದು ನಿಮಿಷ ಅದರಲ್ಲೇ ಇರಲಿ. ತಣ್ಣೀರಿಗೆ ಹಾಕಿದರೆ ಒಳಗಿನ ಬೇಯುವಿಕೆ ನಿಲ್ಲುತ್ತದೆ, ಹಸಿರು ಬಳೆ ಕಟ್ಟುವುದಿಲ್ಲ. ಬಿಳಿಭಾಗ ಬಿಗಿಯಾಗುವ ಕಾರಣ ಸುಲಿಯುವಾಗ ಹರಿಯುವುದೂ ಕಡಿಮೆ.

ಸುಲಿಯುವುದನ್ನು ಬೋಳು ತುದಿಯಿಂದ, ಎಂದರೆ ಅಗಲದ ತುದಿಯಿಂದ ಶುರು ಮಾಡಿ. ಅಲ್ಲಿ ಎರಡು ಪೊರೆಗಳ ನಡುವೆ ಗಾಳಿಗೂಡು ಇರುತ್ತದೆ. ಆ ಜಾಗದಲ್ಲಿ ಚಿಪ್ಪು ಬಿಳಿಭಾಗಕ್ಕೆ ತಾಗಿಕೊಂಡಿಲ್ಲ. ಮೊದಲು ಅಲ್ಲಿ ತಟ್ಟಿ ಒಡೆಯಿರಿ. ಮತ್ತೆ ಮೊಟ್ಟೆಯನ್ನು ಹಲಗೆಯ ಮೇಲೆ ಅಂಗೈಯಿಂದ ಮೆಲ್ಲಗೆ ಉರುಳಿಸಿ ಸುತ್ತ ಬಿರುಕು ಬಿಡಿಸಿ. ಚಿಪ್ಪಿನ ಚೂರು ಒಂದೊಂದೇ ಕೀಳುವುದಲ್ಲ. ಅಡಿಯ ಪೊರೆಯನ್ನು ಹೆಬ್ಬೆರಳಿನಿಂದ ಹಿಡಿದು ಎಳೆಯಬೇಕು. ಪೊರೆ ಬಂದರೆ ಚಿಪ್ಪು ಅದರ ಜೊತೆ ಬರುತ್ತದೆ. ನೀರು ತುಂಬಿದ ಬಟ್ಟಲೊಳಗೇ ಸುಲಿದರೆ ನೀರು ಸಂದಿಗೆ ನುಗ್ಗಿ ಪೊರೆಯನ್ನು ಬಿಡಿಸುತ್ತದೆ, ಚೂರುಗಳೂ ತೊಳೆದು ಹೋಗುತ್ತವೆ.

ಒಂದು ಮೊಟ್ಟೆಯಲ್ಲಿರುವ ಪ್ರೊಟೀನು ಸುಮಾರು 6 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಭಾಗದಲ್ಲಿದೆ. ಬಿಳಿಯ ಮೂರನೇ ಒಂದು ಪಾಲು ಸಿಪ್ಪೆಯ ಜೊತೆ ಹೋದರೆ ಒಂದು ಗ್ರಾಮಿಗೂ ಹೆಚ್ಚು ಪ್ರೊಟೀನು ಕಸಕ್ಕೆ ಹೋದಂತೆ. ಸರಕಾರಿ ಶಾಲೆಗಳ ಬಿಸಿಯೂಟದಲ್ಲಿ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡು ಬಂತು. ಅಡುಗೆಯ ಅಕ್ಕಂದಿರು ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲು ರಾಶಿ ಮೊಟ್ಟೆ ಸುಲಿದು ಮುಗಿಸಬೇಕು. ಅಂಥಲ್ಲಿ ಬಿಸಿಯಲ್ಲಿ ಶುರು ಮಾಡುವ ಈ ಕ್ರಮದಿಂದ ಅವರ ಕೈಗೂ ಮಕ್ಕಳ ಬಟ್ಟಲಿಗೂ ಉಪಕಾರ.

ಉಪ್ಪು, ವಿನೆಗರ್, ಸೋಡ

ಈ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಉಪ್ಪು ಹಾಕಿದರೆ ಸಿಪ್ಪೆ ಬಿಡುತ್ತದೆ ಎಂಬುದು ಎಲ್ಲ ಕಡೆ ಇರುವ ಮಾತು. ಉಪ್ಪು, ವಿನೆಗರ್‌ಗಳ ನಿಜವಾದ ಉಪಯೋಗ ಬೇರೆ. ಮೊಟ್ಟೆ ಬಿರುಕು ಬಿಟ್ಟರೆ ಹೊರಬಂದ ಬಿಳಿಭಾಗ ಅಲ್ಲಲ್ಲೇ ಹೆಪ್ಪುಗಟ್ಟಿ ಬಿರುಕನ್ನು ಮುಚ್ಚುತ್ತದೆ. ನೀರೆಲ್ಲ ನೊರೆಯಾಗುವುದು ತಪ್ಪುತ್ತದೆ. ಸಿಪ್ಪೆ ಬಿಡಿಸುವುದರಲ್ಲಿ ಅವುಗಳ ಪಾಲು ಅಷ್ಟಕ್ಕಷ್ಟೇ.

ಅಡುಗೆ ಸೋಡದ ಹಿಂದೆ ಒಂದು ತರ್ಕ ಉಂಟು. ಅದು ಕ್ಷಾರ, ರಸಸಾರ ಏರಿಸುತ್ತದೆ ಎಂದು. ಸ್ವಲ್ಪ ಪ್ರಯೋಜನ ಆಗಬಹುದು. ಆದರೆ ಬೇಯುವ ಹತ್ತು ನಿಮಿಷದಲ್ಲಿ ಚಿಪ್ಪು ದಾಟಿ ಒಳಗಿನ ಬಿಳಿಭಾಗವನ್ನೆಲ್ಲ ಬದಲಿಸುವಷ್ಟು ಅದು ಹೋಗಲಾರದು. ಹೆಚ್ಚು ಹಾಕಿದರೆ ಮೊಟ್ಟೆಗೆ ಗಂಧಕದ ನಾತ ಹಿಡಿಯುತ್ತದೆ. ನಾನು ಹಾಕುವುದನ್ನು ಬಿಟ್ಟಿದ್ದೇನೆ.

ಬೋಳು ತುದಿಗೆ ಸೂಜಿಯಿಂದ ಸಣ್ಣ ತೂತು ಮಾಡುವ ಕ್ರಮವೂ ಉಂಟು. ಗಾಳಿ ಹೊರಗೆ ಹೋಗಿ ಮೊಟ್ಟೆಯ ಬುಡ ಗುಂಡಗೆ ಬರುತ್ತದೆ. ಸುಲಿಯುವುದಕ್ಕೆ ಇದರಿಂದ ದೊಡ್ಡ ವ್ಯತ್ಯಾಸ ಇಲ್ಲ.

ಕೆಲಸ ಶುರುವಾಗುವುದು ಗೂಡಿನಲ್ಲಿ

ಸುಲಿಯುವಾಗ ಚಿಪ್ಪು ಪುಡಿಪುಡಿಯಾದರೆ ಅದಕ್ಕೆ ಇನ್ನೊಂದು ಕಾರಣ ಇರಬಹುದು, ತೆಳು ಚಿಪ್ಪು. ಚಿಪ್ಪಿನ ಬಹುಪಾಲು ಸುಣ್ಣವೇ, ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಯ ಹೊಟ್ಟೆಯಲ್ಲಿ ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು, ಅದರ ಹೆಚ್ಚಿನ ಕೆಲಸ ರಾತ್ರಿ ನಡೆಯುತ್ತದೆ. ಅಕ್ಕಿ, ತೌಡು, ಹಿತ್ತಿಲ ಹುಳುಗಳಷ್ಟೇ ತಿಂದ ಹೇಂಟೆಗೆ ಅಷ್ಟು ಸುಣ್ಣ ಸಿಗುವುದಿಲ್ಲ. ಕರಾವಳಿಯವರಿಗೆ ಮರುವಾಯಿ ಚಿಪ್ಪು ಧಾರಾಳ. ಒಣಗಿಸಿ, ಅಕ್ಕಿ ನುಚ್ಚಿನ ಗಾತ್ರಕ್ಕೆ ಜಜ್ಜಿ ಬೇರೆ ಗೆರಟೆಯಲ್ಲಿ ಸಂಜೆ ಹೊತ್ತು ಇಡಿ. ಬೇಕಾದಷ್ಟು ಹೆಕ್ಕಿಕೊಳ್ಳುತ್ತವೆ. ಮೇವಿಗೆ ಕಲಸಿದರೆ ಮೊಟ್ಟೆ ಇಡದ ಮರಿಗಳೂ ತಿಂದು ಅವುಗಳಿಗೆ ತೊಂದರೆ.

ಬೇಡದ ಕಡೆ ಎಣ್ಣೆ ಹಚ್ಚಬೇಡಿ. ಮೊಟ್ಟೆ ಬಹುದಿನ ಉಳಿಯಲಿ ಎಂದು ಚಿಪ್ಪಿಗೆ ಎಣ್ಣೆ ಸವರುವ ಹಳೆಯ ಪದ್ಧತಿ ಉಂಟು. ರಂಧ್ರಗಳು ಮುಚ್ಚಿ ಒಳಗಿನ ಅನಿಲ ಒಳಗೇ ಉಳಿಯುತ್ತದೆ. ಉಳಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಅಂಥ ಮೊಟ್ಟೆ ವಾರ ಕಳೆದರೂ ಸುಲಿಯುವ ವಿಷಯದಲ್ಲಿ ಹೊಸದರಂತೆಯೇ ಹಟ ಮಾಡುತ್ತದೆ.

ಗೂಡಿನಿಂದ ದಿನಕ್ಕೆ ಎರಡು ಸಲ ಮೊಟ್ಟೆ ತೆಗೆಯಿರಿ. ಕೊಳಕಾಗಿದ್ದರೆ ಒಣ ಬಟ್ಟೆಯಿಂದ ಒರಸಿ. ಚಿಪ್ಪಿನ ಮೇಲೆ ರೋಗಾಣು ತಡೆಯುವ ಸಹಜ ಲೇಪ ಉಂಟು. ತೊಳೆದರೆ ಅದು ಹೋಗುತ್ತದೆ. ತೊಳೆಯುವುದಿದ್ದರೆ ಬೇಯಿಸುವ ಮುಂಚೆ ಮಾತ್ರ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆಯುವುದು. ನಾವು ಈಗ ಎಲ್ಲ ಮೊಟ್ಟೆಗೂ ಬರೆಯುತ್ತೇವೆ. ಕೊಂಡವರಿಗೆ ಹೊಸದು ಯಾವುದು, ಬೇಯಿಸಲು ಇಟ್ಟದ್ದು ಯಾವುದು ಎಂದು ಗೊತ್ತಾಗುತ್ತದೆ. ಟ್ರೇಯ ಜೊತೆ ಒಂದು ಚೀಟಿಯೂ ಹೋಗುತ್ತದೆ. ಅದರಲ್ಲಿ ಮೂರೇ ಸಾಲು: "ಹಬೆ ಎದ್ದ ಮೇಲೆ ಮೊಟ್ಟೆ ಇಡಿ. ಹತ್ತು ನಿಮಿಷ. ಕೂಡಲೇ ತಣ್ಣೀರಿಗೆ." ಆ ಹೋಟೆಲಿನವರು ಒಂದು ವಾರ ನೋಡುತ್ತೇನೆ ಎಂದರು. ಈಗ ಮೊದಲಿನ ಎರಡು ಟ್ರೇ ಮತ್ತೆ ಹೋಗುತ್ತಿದೆ. ಔಷಧಿಯ ಸಂಶಯ ತೆಗೆದ ಮನೆಯವರು ಮಾತ್ರ ಇನ್ನೂ ಬಂದಿಲ್ಲ. ಕಳೆದ ನಂಬಿಕೆ ಚೀಟಿಯಿಂದ ಅಷ್ಟು ಬೇಗ ಬರುವುದಿಲ್ಲ. ಅದಕ್ಕೇ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಇಡುವುದು ಎಷ್ಟು ದಿನ?

ಹಸಿ ಮೊಟ್ಟೆಯ ಪ್ರಾಯ ತಿಳಿಯಲು ನೀರಿನ ಪರೀಕ್ಷೆ ಸುಲಭ. ಅಡ್ಡ ಮಲಗಿದರೆ ಹೊಸದು. ಬೋಳು ತುದಿ ಮೇಲೆದ್ದು ನಿಂತರೆ ಹಳೆಯದು, ಬೇಗ ಬೇಯಿಸಿ ಮುಗಿಸಿ. ತೇಲಿದರೆ ಆಸೆ ಬಿಡಿ. ಒಳಗಿನ ನೀರು ಆವಿಯಾಗಿ ಗಾಳಿಗೂಡು ದೊಡ್ಡದಾಗುತ್ತ ಹೋಗುವುದರಿಂದ ಹೀಗಾಗುವುದು.

ಬೇಯಿಸಿದ ಮೊಟ್ಟೆ ಹಸಿಯದ್ದಕ್ಕಿಂತ ಬೇಗ ಕೆಡುತ್ತದೆ ಎಂದರೆ ಹಲವರು ನಂಬುವುದಿಲ್ಲ. ಬೇಯಿಸುವಾಗ ಚಿಪ್ಪಿನ ರಕ್ಷಣೆಯ ಲೇಪ ಹೋಗಿರುತ್ತದೆ. ಫ್ರಿಜ್ಜಿನಲ್ಲಿ ಸಿಪ್ಪೆ ಸಹಿತ ಇಟ್ಟರೆ ಒಂದು ವಾರ. ಸುಲಿದದ್ದನ್ನು ಅದೇ ದಿನ ಮುಗಿಸುವುದು ಕ್ಷೇಮ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಬೆಂದದ್ದೂ ಹಸಿಯೂ ಬೆರೆತರೆ ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ. ಬೆಂದದ್ದು ಚೆನ್ನಾಗಿ ತಿರುಗುತ್ತದೆ, ಹಸಿಯದ್ದು ತೂರಾಡುತ್ತದೆ.

ಸಿಪ್ಪೆಯನ್ನು ಎಸೆಯಬೇಡಿ

ಮೊಟ್ಟೆಯ ತೂಕದ ಹತ್ತರಲ್ಲಿ ಒಂದು ಪಾಲು ಚಿಪ್ಪು. ಅದನ್ನು ಬಿಸಿಲಿನಲ್ಲಿ ಒಣಗಿಸಿ, ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಪುಡಿ ಮಾಡಿ ಮರುವಾಯಿ ಚಿಪ್ಪಿನ ಜೊತೆ ಕೋಳಿಗೇ ಕೊಡಬಹುದು. ಪುಡಿ ಮಾಡದೆ ಹಾಗೆಯೇ ಹಾಕಿದರೆ ಕೋಳಿ ಅದರ ರುಚಿ ಹಿಡಿದು ಗೂಡಿನ ಮೊಟ್ಟೆ ಕುಕ್ಕತೊಡಗಬಹುದು. ಹೆಚ್ಚಾದದ್ದು ಗೊಬ್ಬರದ ಗುಂಡಿಗೆ. ನುಣ್ಣಗೆ ಪುಡಿಯಾದಷ್ಟೂ ಅದರ ಸುಣ್ಣ ಮಣ್ಣಿಗೆ ಬೇಗ ಸೇರುತ್ತದೆ.

ಹೊಸ ಮೊಟ್ಟೆ ಸುಲಿಯಲು ನಿಮ್ಮ ಮನೆಗಳಲ್ಲಿ ಬೇರೆ ಕ್ರಮ ಇದ್ದರೆ ಪತ್ರಿಕೆಗೆ ಬರೆಯಿರಿ. ಬರೆಯುವಾಗ ಮೊಟ್ಟೆ ಎಷ್ಟು ದಿನದ್ದು ಎಂಬುದನ್ನೂ ಸೇರಿಸಿ. ಅದಿಲ್ಲದಿದ್ದರೆ ಸಿಪ್ಪೆ ಬಿಟ್ಟದ್ದು ನಿಮ್ಮ ಕ್ರಮದಿಂದಲೋ ಮೊಟ್ಟೆಯ ಪ್ರಾಯದಿಂದಲೋ ಎಂದು ತಿಳಿಯುವುದು ಕಷ್ಟ.